ಕಾಂಪೌಂಡಿನ ಮೇಲಿನ ಓತಿಕ್ಯಾತ

ಬಾವಿಬೀದಿ, ಅರಸೀಕೆರೆ
ಕ್ರಿ.ಶ. ೨೨೩೧, ಎರಡನೇ ಮುಂಗಾರಿನ ಒಂಬತ್ತನೇ ದಿನ

ನೀಲಾಂಬಿಕಜ್ಜಿಗೆ, ನಿಮ್ಮ ಏಳನೇ ತಲೆಮಾರಿನ ತುಂಬೆ ಮಾಡುವ ನಮಸ್ಕಾರಗಳು.

ನಮ್ಮಲ್ಲಿ ಮುಂಗಾರು ವರ್ಷಕ್ಕೆ ಎರಡು ಸಲ ಬರುತ್ತದೆ, ತಾರೀಕು ನೋಡಿ ಗಾಬರಿಯಾಗಬೇಡಿ. ಮಾತು ವಿಚಿತ್ರವೆನಿಸಿದರೂ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಸರಿಯಾಗಿ ಕಲಿತದ್ದೇ ನಿಮ್ಮ ಅಡುಗೆಮನೆಯ ಕ್ಯಾಲೆಂಡರಿನಿಂದ. ಅದರ ಅಂಚಿನಲ್ಲಿ ನೀವು ಪೆನ್ಸಿಲಿನಲ್ಲಿ ಗೀಚಿದ್ದೆಲ್ಲ ನನಗೆ ಬಾಯಿಪಾಠ.

ಇಲ್ಲಿ ಮರುಕರೆ ಕಟ್ಟೆ ಎಂದಿದೆ. ಊರು ಬಿಟ್ಟುಹೋದ ಜೀವಿಗಳನ್ನು ವಾಪಸು ಕರೆಸುವ ಪಂಚಾಯಿತಿ ಅನ್ನಿ. ಅದರ ನಿಯಮ ಒಂದೇ. ಆ ಜೀವಿಯನ್ನು ಅದೇ ಬೀದಿಯಲ್ಲಿ ಯಾರಾದರೂ ಹಿಂದೆ ಕಂಡು, ಕೈಯಾರೆ ಬರೆದಿಟ್ಟಿರಬೇಕು. ನನಗೋ ಓತಿಕ್ಯಾತದ ಹುಚ್ಚು. ಹತ್ತು ವರ್ಷ ಹುಡುಕಿದೆ. ನಿಮ್ಮ ಕಾಲದವರು ಹುಲಿ ಕಂಡದ್ದನ್ನು ಪುಟಗಟ್ಟಲೆ ಬರೆದಿದ್ದಾರೆ, ಕಾಂಪೌಂಡಿನ ಮೇಲೆ ದಿನಾ ಕೂರುತ್ತಿದ್ದ ಓತಿಕ್ಯಾತದ ಬಗ್ಗೆ ಒಬ್ಬರೂ ಒಂದಕ್ಷರ ಬರೆದಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೊನೆಗೆ ನೀವಿದ್ದ ಇದೇ ಮನೆಯ ಅಟ್ಟದ ಟ್ರಂಕಿನಲ್ಲಿ ನಿಮ್ಮ ಕ್ಯಾಲೆಂಡರ್ ಸಿಕ್ಕಿತು. ಏಪ್ರಿಲ್ ಹದಿನಾಲ್ಕರ ಪಕ್ಕ ಹೀಗಿತ್ತು: “ಓತಿಕ್ಯಾತ ಕಾಂಪೌಂಡ್ ಮೇಲೆ ಕೂತೈತೆ. ಏನು ಹೇಳಿದ್ರೂ ತಲೆ ಆಡಿಸ್ತೈತೆ. ಈ ಮನೇಲಿ ನನ್ನ ಮಾತಿಗೆ ಹೂಂ ಅನ್ನೋದು ಇದೊಂದೇ.”

ಕಟ್ಟೆಯ ಹಿರಿಯರಾದ ಮರುಳಪ್ಪನವರು ಅದನ್ನು ಎರಡು ಸಲ ಓದಿಸಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಇದಕ್ಕಿಂತ ಸಾಕ್ಷಿ ಬೇಕೇನವ್ವ” ಎಂದು ಮುದ್ರೆ ಒತ್ತಿದರು.

ಬೀದಿಗೆ ಬಂದ ಮೊದಲ ಓತಿಕ್ಯಾತ ಗೋಡೆ ಏರಿ ತಲೆ ಆಡಿಸಿತು. ನಿಮ್ಮ ಬರಹವನ್ನೇ ನಂಬಿದ್ದ ನಾವು, ಅದು ನಮ್ಮನ್ನು ಮಾತಾಡಿಸುತ್ತಿದೆ ಎಂದುಕೊಂಡು ಬೀದಿಗೆ ಬೀದಿಯೇ ನಿಂತು ವಾಪಸು ತಲೆ ಆಡಿಸಿದೆವು. ಅದು ಜಗಳಕ್ಕೆ ಕರೆಯುವ ರೀತಿ ಎಂದು ಆಮೇಲೆ ತಿಳಿಯಿತು. ನಲವತ್ತು ಜನ ಒಟ್ಟಿಗೆ ಜಗಳಕ್ಕೆ ನಿಂತರೆ ಪಾಪ, ಅದೇನು ಮಾಡೀತು? ಕತ್ತು ಕೆಂಪಗೆ ಮಾಡಿಕೊಂಡು ನುಗ್ಗೆಮರ ಏರಿದ್ದು ಮೂರು ದಿನ ಇಳಿಯಲಿಲ್ಲ. ನಾನು ಮರದ ಬುಡದಲ್ಲೇ ಕೂತು ಅತ್ತೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಗೋಡೆಯ ಮೇಲಿತ್ತು. ಈ ಸಲ ಯಾರೂ ಕತ್ತು ಅಲ್ಲಾಡಿಸಲಿಲ್ಲ. ಆಮೇಲೆ ಹೆಣ್ಣನ್ನೂ ಕರೆಸಿದೆವು, ಈಗ ಬೀದಿಯಲ್ಲಿ ಹನ್ನೊಂದಿವೆ. ದಿನಾ ಕಾಫಿ ಹಿಡಿದು ಕೂತು ಮನೆಯವರ ಮೇಲಿನ ದೂರನ್ನೆಲ್ಲ ಅವಕ್ಕೆ ಹೇಳುತ್ತೇನೆ. ಜಗಳಕ್ಕೆ ಕರೆಯುತ್ತವೋ ಹೂಂ ಅನ್ನುತ್ತವೋ, ನನಗಂತೂ ಪರಮ ಸುಖ.

ಒಂದು ಕೇಳಿಕೆಯಿದೆ. ಹದಿನೈದರ ಪಕ್ಕ ನೀವು ಬರೆದಿದ್ದೀರಿ: “ನುಗ್ಗೆಮರದಾಗೆ ಇವತ್ತು ಬೇರೆ ಜೀವ ಒಂದು ಕಂಡೆ. ಎಂಥಾ ಚೆಂದ. ಒಲೆ ಮೇಲೆ ಹಾಲೈತೆ, ಆಮೇಲೆ ಬರೀತೀನಿ.” ಆಮೇಲೆ ಬರೆದೇ ಇಲ್ಲ. ನೀವು ಬರೆಯದೆ ನಾವು ಅದನ್ನು ಕರೆಸುವಂತಿಲ್ಲ. ಈ ಕಾಗದ ನಿಮಗೆ ಅದೇ ಬೆಳಿಗ್ಗೆ ತಲುಪಲಿ. ಹಾಲು ಉಕ್ಕಿದರೆ ಉಕ್ಕಲಿ ಅಜ್ಜಿ, ಮೊದಲು ಅದರ ಹೆಸರು ಬರೆಯಿರಿ. ಅದಕ್ಕೆಂದು ನುಗ್ಗೆಮರದಲ್ಲಿ ಒಂದು ಕೊಂಬೆಯನ್ನು ಕಡಿಯದೆ ಬಿಟ್ಟಿದ್ದೇವೆ.

ನಿಮ್ಮ
ತುಂಬೆ