ಕೆವಿನನ ಗಾಡಿಯ ಶಬ್ದ

ಬಿಜೈ, ಮಂಗಳೂರು
ಅಕ್ಟೋಬರ್ 28, 2025

ಪ್ರೀತಿಯ ರಾಯ್‌ಸ್ಟನ್,

ಇದನ್ನು ನಿನಗೆ ಹೇಳದೆ ಬಿಡುವುದರಲ್ಲಿದ್ದೆ. ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ನಮ್ಮ ಕೆವಿನನ ಗಾಡಿಯ ಶಬ್ದವಲ್ಲ.

ನಿನ್ನ ಬೆನ್ನುನೋವು ಹೇಗಿದೆ? ಕುವೈಟಿನಲ್ಲಿ ಸೆಕೆ ಇಳಿಯಿತೇ? ಡಯಾಲಿಸಿಸ್ ಆದ ದಿನ ಮಾಂಯ್‌ಗೆ ಊಟ ಸೇರುವುದಿಲ್ಲ. ಮರುದಿನ ಬೆಳಿಗ್ಗೆಯೇ ಮೀನು ಬಂತೇ ಎಂದು ಕೇಳುತ್ತಾರೆ. ನಿನ್ನ ಅಮ್ಮನಲ್ಲವೇ.

ಈ ತಿಂಗಳ ಮಳೆಗೆ ನನ್ನ ಕಾರಿನೊಳಗೆ ನೀರು ನುಗ್ಗಿ ಎಂಜಿನಿನ ಕಂಪ್ಯೂಟರ್ ಹಾಳಾಯಿತು. ಹೊಸತು ಬರಲು ಎರಡು ತಿಂಗಳು ಎಂದರು. ಆಸ್ಪತ್ರೆಯಿಂದ ರಿಕ್ಷಾದಲ್ಲಿ ಬರುವಾಗ ಮಾಂಯ್ ನನ್ನ ಮಡಿಲಲ್ಲೇ ವಾಂತಿ ಮಾಡಿಕೊಂಡರು. ಮನೆಗೆ ಬಂದವರೇ ನನ್ನ ಚೂಡಿದಾರ ತಾವೇ ತೊಳೆಯಲು ಹೊರಟರು. ಅಂದೇ ಬೋಳಾರದ ಮೆಕ್ಯಾನಿಕ್ ಸುಹೈಬನನ್ನು ಕರೆಸಿದೆ. ಕೆವಿನನದು ಹಳೆಯದಾದರೂ ಅದೇ ಮಾದರಿಯ ಗಾಡಿ. ಅದರ ಕಂಪ್ಯೂಟರ್ ತೆಗೆದು ನನ್ನದಕ್ಕೆ ಹಾಕಬಹುದೇ ಎಂದು ಕೇಳಿದೆ. ಅವನು ಗಾಡಿಯ ಹೊದಿಕೆ ಸರಿಸಿ ಬಾನೆಟ್ ಎತ್ತಿ ನೋಡಿದ.

"ಆಗ್ತದೆ ಮೇಡಂ. ಆದ್ರೆ ಕಂಪ್ಯೂಟರಿಗೆ ನಿಮ್ಮ ಗಾಡಿಯ ಕೀ ಕಲಿಸಿದ್ರೆ ಅದು ಹಳೆ ಕೀ ಮರೀತದೆ. ಈ ಗಾಡಿ ಮತ್ತೆ ಸ್ಟಾರ್ಟ್ ಆಗ್ಲಿಕ್ಕಿಲ್ಲ. ಸಾರ್ ಹತ್ರ ಒಂದು ಮಾತು ಕೇಳಿ."

ಕೇಳಿಯಾಗಿದೆ ಎಂದೆ. ಅವನು ಕಂಪ್ಯೂಟರ್ ಬದಲಿಸಿಕೊಟ್ಟ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಾಗ ನಿನ್ನ ಕರೆ ಬಂತು. ಮಗ ತೀರಿಕೊಂಡಂದಿನಿಂದ ನಡೆದುಬಂದ ಹಾಗೆ, ಅವನ ಗಾಡಿ ಸ್ಟಾರ್ಟ್ ಮಾಡಲು ನೀನು ಹೇಳಿದೆ. ನಾನು ನನ್ನ ಗಾಡಿಯ ಬಾನೆಟ್ ಎತ್ತಿ ಫೋನ್ ಹಿಡಿದೆ. "ಎಷ್ಟು ಚಂದ ಇಟ್ಟಿದ್ದ ನೋಡು ಮಾರಾಯ್ತಿ, ಶಬ್ದ ಒಂಚೂರು ಬದಲಾಗ್ಲಿಲ್ಲ," ಎಂದು ಹೇಳಿ, ಎಂದಿನಂತೆ ನನ್ನನ್ನು ಏನೂ ಕೇಳದೆ ನೀನು ಫೋನ್ ಇಟ್ಟುಬಿಟ್ಟೆ.

ಮಾಂಯ್‌ಗಾಗಿ ಮಾಡಿದೆ ಎನ್ನುವುದು ಸುಳ್ಳಲ್ಲ. ಅದೊಂದೇ ಕಾರಣ ಎನ್ನಲಾರೆ. ಮೊದಲೆಲ್ಲ ಕೆಂಪು ಸಿಗ್ನಲ್ ಬಿದ್ದಾಗ ಇಂಧನ ಉಳಿಸಲು ನನ್ನ ಗಾಡಿಯ ಎಂಜಿನ್ ತಾನಾಗಿ ನಿಲ್ಲುತ್ತಿತ್ತು. ಹಳೆಯ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಈಗ ಹಂಪನಕಟ್ಟೆಯಲ್ಲಿ ಬಸ್ಸುಗಳ ನಡುವೆ ನಿಂತಾಗ ಎಂಜಿನ್ ಅವನ ಗಾಡಿಯಲ್ಲಿದ್ದ ಹಾಗೆಯೇ ಆಫ್ ಆಗದೆ ಓಡುತ್ತಿರುತ್ತದೆ. ನಾನು ಅಳುತ್ತೇನೆ. ಮಾಂಯ್ ಕಿಟಕಿಯಾಚೆ ನೋಡುತ್ತಾರೆ.

ಮಾಂಯ್ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ದೇವರು ನಿನ್ನನ್ನು ಕಾಯಲಿ.

ನಿನ್ನ,
ಲಿಡಿಯಾ

ಮರೆತಿದ್ದೆ: ಲಕೋಟೆಯಲ್ಲಿರುವುದು ಕೆವಿನನ ಕೀ. ಇನ್ನು ಅದು ಯಾವ ಗಾಡಿಗೂ ಆಗುವುದಿಲ್ಲ, ನೀನೇ ಇಟ್ಟುಕೋ. ಭಾನುವಾರದ ಕರೆ ಮಾತ್ರ ನಿಲ್ಲಿಸಬೇಡ; ನನ್ನ ಹತ್ತಿರ ಮಾತಾಡು. ಬರುವ ಭಾನುವಾರ ಸತ್ತವರ ಸ್ಮರಣೆಯ ದಿನ. ಅಂದು ಇನ್ನೊಂದೇ ಸಲ, ಅವನ ಗಾಡಿಯದೆಂದೇ, ನಿನಗೆ ಆ ಶಬ್ದ ಕೇಳಿಸುತ್ತೇನೆ. ಆದ್ದರಿಂದ ಇದನ್ನು ಪೋಸ್ಟ್ ಮಾಡುವುದು ಸೋಮವಾರ, ನವೆಂಬರ್ 3ಕ್ಕೆ.