ತೊಟ್ಟಿಲಿಲ್ಲದ ಬಾಣಂತನ

ಮಾರ್ಚ್ 3, ಸೋಮವಾರ

ಬಾಣಂತಿಯ ಉಂಡೆಗೆ ಅಂಟು ಹುರಿದಾಯಿತು. ಕೊಬ್ಬರಿ ಹೆರೆಯುವುದು ಉಳಿದಿದೆ. ಶಿಗ್ಗಾವಿಯಿಂದ ಬಂದ ಮಗಳು ಜಯಾ ತಾನು ಹೆರೆಯುತ್ತೇನೆಂದಳು. ಬೇಡವೆಂದೆ. ದಪ್ಪ ಹೆರೆಯುತ್ತಾಳೆ.

ನಾನು ಅಡಿವೆವ್ವ. ಎಸ್ಸೆಸ್ಸೆಲ್ಸಿ ಪಾಸಾಗಿ ಆಡೂರಿನ ಈ ಓಣಿಗೆ ಬಂದ ಮೊದಲ ಸೊಸೆ. ಇಲ್ಲಿ ನನ್ನನ್ನು ಕೇಳದೆ ಯಾರೂ ಬಾಣಂತಿಗೆ ನೀರು ಎರೆಯುವುದಿಲ್ಲ. ಮನೆ ನಡೆಯುವುದೂ ನನ್ನ ಮಾತಿನ ಮೇಲೆಯೇ. ಮಗ ಲೋಹಿತನ ಹೆಂಡತಿ ಸಮತಾಳಿಗೆ ಈ ವಾರ ಡೆಲಿವರಿ. ಚೊಚ್ಚಲ. ಹಂಸಭಾವಿಯ ತವರಿನಲ್ಲಿ ಅವಳಿಗೆ ಅವ್ವ ಇಲ್ಲ. ಹಾಗಾಗಿ ಬಾಣಂತನ ನನ್ನದೇ. ಕೊಂಕು ತೆಗೆಯಲು ಯಾರಿಗೂ ಜಾಗ ಕೊಡುವುದಿಲ್ಲ.

ಮಾರ್ಚ್ 7, ಶುಕ್ರವಾರ

ದವಾಖಾನೆಯಿಂದ ಬಂದೆವು. ಹೆಣ್ಣು ಕೂಸು. ಹೊಟ್ಟೆಯಲ್ಲೇ ಹೋಗಿತ್ತು.

ನರ್ಸಮ್ಮ ನೋಡುತ್ತೀಯಾ ಎಂದು ಕೇಳಿದಾಗ ಸಮತಾ ಕಣ್ಣು ಮುಚ್ಚಿಕೊಂಡಳು. ನಾನು ಎತ್ತಿಕೊಂಡೆ. ಲೋಹಿತ ಮತ್ತು ಅವರಪ್ಪ ಮಣ್ಣು ಮಾಡಿ ಬಂದರು.

ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿದೆವು. ವಂದನೆ ಹೇಳುವುದನ್ನು ಜಯಾಳಿಗೆ ಬಿಟ್ಟೆ. ಕೂಸಿನ ಮಾತು ಇನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದೆಂದು ಎಲ್ಲರಿಗೂ ಹೇಳಿದ್ದೇನೆ. ಅಂಟಿನುಂಡೆಯ ಡಬ್ಬಿ ಅಟ್ಟ ಸೇರಿತು.

ಮಾರ್ಚ್ 8, ಶನಿವಾರ

ಸಮತಾ ಉಂಡಿಲ್ಲ. ಗೋಡೆಯ ಕಡೆ ಮುಖ. ಹೇಳಬೇಕಾದದ್ದನ್ನು ಹೇಳಿದೆ— "ಅಳಬ್ಯಾಡ. ಇನ್ನೂ ವಯಸ್ಸೈತಿ. ಬರೂ ವರ್ಷ ಇನ್ನೊಂದ ಆಗ್ತೈತಿ."

ತಿರುಗಿ ನನ್ನನ್ನೇ ನೋಡಿದಳು.

"ಅತ್ತೀ, ಒಂದ ಕೇಳ್ತೇನ್ರಿ. ನಾ ಬಾಣಂತಿ ಹೌದೋ, ಅಲ್ಲೋ?"

ನನಗೆ ಉತ್ತರ ಬಾರದ ಪ್ರಶ್ನೆಯನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಎದ್ದು ಹೋಗಿ ಹಂಡೆ ತುಂಬಿಸಿದೆ. ಒಲೆ ಹೊತ್ತಿಸಿದೆ. ಎಣ್ಣೆ ಬಿಸಿಗಿಟ್ಟೆ.

ಹೊಗೆ ನೋಡಿ ಫಕ್ಕೀರವ್ವ ಬಂದಳು. ಓಣಿಯ ಬಾಣಂತಿಯರಿಗೆ ನನ್ನ ಜೊತೆ ನೀರು ಎರೆಯುವವಳು.

"ಕೂಸಿಲ್ಲ, ತೊಟ್ಟಿಲಿಲ್ಲ. ಎಂಥಾ ಬಾಣಂತನ ಇದು ಅಡಿವೆವ್ವ? ಮಂದಿ ನಗ್ತಾರ."

"ನಡಾ ಮುರದಿದ್ದು ಹಡದಾಕಿದು. ತೊಟ್ಟಿಲದ್ದಲ್ಲ. ನಗೂ ಮಂದಿನ್ನ ಕರಕೊಂಡ ಬಾ, ನೀರ ಹೊರಲಿ."

"ಮಂದಿ ಯಾಕ ಬೇಕ? ಸರಿ ಆಕಡೆ" ಎಂದು ಸೆರಗು ಸಿಕ್ಕಿಸಿ ಕೊಡ ಎತ್ತಿದಳು.

ಮಾರ್ಚ್ 10, ಸೋಮವಾರ

ದೊಡ್ಡ ತಪ್ಪು ಮಾಡಿದೆ. ನಿನ್ನೆ ಎರಡು ಹೊತ್ತೂ ಅಳವಿ ಬೀಜದ ಪಾಯಸ ಕೊಟ್ಟೆ. ಕೈಗೆ ಹತ್ತಿದ ರೂಢಿ. ಅಳವಿ ಉಂಡರೆ ಹಾಲು ಹೆಚ್ಚುತ್ತದೆ— ಓಣಿಗೆಲ್ಲ ಹೇಳಿಕೊಟ್ಟವಳು ನಾನೇ. ಬೆಳಿಗ್ಗೆ ಅವಳ ಕುಪ್ಪಸ ತೊಯ್ದಿತ್ತು. ಎದೆ ಕಲ್ಲಾಗಿತ್ತು. ಮೈ ಸುಡುತ್ತಿತ್ತು. ಎದುರು ಮನೆಯ ಕೂಸು ಅತ್ತರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಆದರೂ ಹಾಲು ನಿಲ್ಲದು.

"ಅಳವಿ ಕೊಟ್ಟೇನ? ಬುದ್ಧಿ ಎಲ್ಲಿಟ್ಟಿದ್ದಿ, ನಿನ್ನ ಬಾಣಂತನಕ್ಕ ಬೆಂಕಿ ಹಚ್ಚ!" ಫಕ್ಕೀರವ್ವ ಅಂಗಳದಲ್ಲಿ ನಿಂತು ಬೈದಳು. ಬೈಸಿಕೊಂಡೆ.

ಡಾಕ್ಟರಿಗೆ ಫೋನ್ ಮಾಡಿ ಗುಳಿಗೆ ತರಿಸಿದೆ. ಮಲ್ಲಿಗೆ ಕಟ್ಟಿದರೆ ಹಾಲು ಇಂಗುತ್ತದೆಂದು ಹಿರಿಯರ ಮಾತು. ಲೋಹಿತ ಮೋಟಾರ್ ರಿಪೇರಿ ಅಂಗಡಿ ಮುಚ್ಚಿ ಹಾನಗಲ್ಲಿನಿಂದ ತಂದ. ಹೂವನ್ನು ಅವಳ ಎದೆಗೆ ಹರಡಿ, ಮೆತ್ತನೆಯ ಹಳೆ ಸೀರೆ ಸುತ್ತಿದೆ. ಮನೆಯೆಲ್ಲ ಮದುವೆಯ ವಾಸನೆ. ಲೋಹಿತ ಹಿತ್ತಲಿಗೆ ಹೋಗಿ ನಿಂತ.

ಸಮಾಧಾನದ ಮಾತು ನಾಲಿಗೆಗೆ ಬಂತು. ನುಂಗಿದೆ. ಪಕ್ಕದಲ್ಲಿ ಕುಳಿತೆ. ಅಷ್ಟೇ.

ಮಾರ್ಚ್ 19, ಬುಧವಾರ

ಬರೆಯಲು ಪುರಸೊತ್ತಿಲ್ಲ. ಎಣ್ಣೆ, ನೀರು, ಅವಳು ಮಲಗುವ ಹೊರಸಿನ ಕೆಳಗೆ ಕೆಂಡ. ಆಮೇಲೆ ಸುಮ್ಮನೆ ಕುಳಿತಿರುವುದು. ಅದೇ ಕಷ್ಟದ ಕೆಲಸ. ಹಾಲು ಇಂಗಿದೆ. ನಾನು ಎದುರಿಗಿದ್ದರೆ ನಾಲ್ಕು ತುತ್ತು ಉಣ್ಣುತ್ತಾಳೆ.

ಇಂದು ಬೆನ್ನು ತಿಕ್ಕುವಾಗ ಕೇಳಿದಳು. ನನ್ನ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಧೈರ್ಯ ಬಂದಿರಬೇಕು.

"ಅತ್ತೀ... ನೀವ ಎತ್ತಿಕೊಂಡಿದ್ರಿ. ಯಾರ ಹಂಗ ಇತ್ರಿ?"

ಕೂಸಿನ ಮಾತು ಎತ್ತಕೂಡದೆಂದು ನಾನೇ ಹಾಕಿದ ಕಟ್ಟಳೆ... ಮುರಿದೆ. ಎಲ್ಲ ಹೇಳಿದೆ. ತಲೆತುಂಬ ಕೂದಲು. ಉದ್ದ ಬೆರಳು, ಅವಳವೇ. ಗದ್ದ ಲೋಹಿತನದು.

"ಮೂಗು ಯಾರದ್ರಿ?"

"ನಂದು."

"ಅಯ್ಯ! ಹಂಗಾರ ಭಾಳ ಸಿಟ್ಟಿನ ಕೂಸ ಆಗ್ತಿತ್ರಿ."

ನಕ್ಕಳು. ನಗುತ್ತಲೇ ಅಳು ಬಂತು. ಅಂದಿನಿಂದ ಇಂದೇ ಮೊದಲು, ಬಾಯಿಬಿಟ್ಟು ಅತ್ತಳು. ತಡೆಯಲಿಲ್ಲ. ಎಣ್ಣೆಗೈಯಲ್ಲೇ ಹಿಡಿದುಕೊಂಡೆ.

ಮಾರ್ಚ್ 23, ಭಾನುವಾರ

ಎದುರು ಮನೆಗೆ ಬಾಣಂತಿ ನೋಡಲು ಹೆಂಗಸರು ಬಂದರು. ಕೊಬ್ಬರಿ, ಬೆಲ್ಲ, ಖಣ, ನಗು. ನಮ್ಮ ಬಾಗಿಲ ಮುಂದೆ ದನಿ ಇಳಿಸಿ ಹಾದುಹೋದರು. ಕೆಟ್ಟವರಲ್ಲ. ಏನು ಮಾತಾಡಬೇಕೋ ತಿಳಿಯದವರು.

ಸಮತಾ ಕಿಟಕಿಯಿಂದ ನೋಡಿದಳು. "ನನ್ನ ನೋಡಾಕ ಯಾರ ಬರ್ತಾರ ಬಿಡ್ರಿ." ಮತ್ತೆ ಗೋಡೆಯ ಕಡೆ ಮುಖ. ತಟ್ಟೆ ಹಾಗೇ ಮರಳಿ ಬಂತು. ಇಷ್ಟು ದಿನ ಎತ್ತಿ ನಿಲ್ಲಿಸಿದ್ದೆಲ್ಲ...

ಬಾಣಂತಿ ನೋಡಲು ಯಾರನ್ನೂ ಕರೆಯುವ ಪದ್ಧತಿಯಿಲ್ಲ. ತಾವಾಗಿ ಬರಬೇಕು. ಕರೆದರೆ ಬೇಡಿದಂತೆ.

ಜಯಾ ನನ್ನ ಮುಖ ನೋಡಿದಳು. "ಏನ ವಿಚಾರ ಮಾಡಾಕತ್ತೀಬೇ? ನೀ ಮಂದಿ ಹೊಸ್ತಿಲದಾಗ ನಿಂದ್ರಾಕಿ ಅಲ್ಲ ಬಿಡವ್ವ."

ಹೌದು. ಅಲ್ಲ.

ಮಾರ್ಚ್ 24, ಸೋಮವಾರ

ಹೋಗಿ ಬಂದೆ. ಇಸ್ತ್ರಿಯ ಸೀರೆ ಉಟ್ಟು, ಓಣಿಯ ಈ ತುದಿಯಿಂದ ಆ ತುದಿಯವರೆಗೆ. ಒಳಗೆ ಕರೆದರೂ ಹೋಗಲಿಲ್ಲ. ಪ್ರತಿ ಹೊಸ್ತಿಲಲ್ಲೂ ನಿಂತೇ ಹೇಳಿದೆ— "ನಮ್ಮನ್ಯಾಗ ಬಾಣಂತಿ ಅದಾಳ. ನೋಡಾಕ ಬರ್ರಿ. ಬರೂ ವರ್ಷದ ಮಾತ ಬ್ಯಾಡ. ಕೂಸ ಹೆಂಗಿತ್ತು ಕೇಳ್ರಿ. ಏನೂ ತಿಳೀಲಿಲ್ಲಂದ್ರ ಸುಮ್ಮನ ಕುಂದರ್ರಿ."

ಎದುರು ಮನೆಯ ಮುದುಕಿ ಬಾಗಿಲಿಗೆ ಬಂದಳು. "ಅಡಿವೆವ್ವ ಬಾಗಲಕ್ಕ ಬಂದ ಕರಿಯೂದಂದ್ರ... ಬರಲಿಲ್ಲಂದ್ರ ಬೈತೀಯೇನ?"

"ಬೈತೇನಿ."

"ಹಂಗಾರ ಬರಬೇಕಾತು."

ಸಮತಾಳಿಗೆ ತಿಳಿಸಿದೆ. ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಸಂಜೆ

ಅಂಗಳದಲ್ಲಿ ಚಪ್ಪಲಿ ಬಿಡುವ ಸಪ್ಪಳ. ಎಲ್ಲರಿಗಿಂತ ಮುಂದೆ ಫಕ್ಕೀರವ್ವನ ದನಿ. ಒಳಗೆ ಸಮತಾ ಎದ್ದಿದ್ದಾಳೆ— ತಾನೇ ಬಗ್ಗಿ ಜಮಖಾನೆ ಹಾಸುತ್ತಿದ್ದಾಳೆ. ಬಾಣಂತಿ ಬಗ್ಗಬಾರದು. ಹೋಗಿ ಬೈಯಬೇಕು. ಇಷ್ಟು ಹೇಳಿದರೂ ಈ ಹುಡುಗಿ—