ಕೈ ಒತ್ತಿದ ಜಾಗ

ಉತ್ತರ ನಾರ್ವೆ
೮ ಸೆಪ್ಟೆಂಬರ್ ೨೦೨೫

ಪ್ರೀತಿಯ ರುದ್ರೇಶಣ್ಣನಿಗೆ,

ನಿನ್ನ ತಂಗಿ ರಂಜನಿಯ ನಮಸ್ಕಾರಗಳು. ನಾಲ್ಕು ಸಲ ಫೋನ್ ಮಾಡಿದ್ದೀಯ, ನಾಲ್ಕು ಸಲವೂ ನಾನು ಎತ್ತಿಲ್ಲ, ತಪ್ಪಾಯಿತು. ಎತ್ತಿದ್ದರೆ ನೀನು ಅರ್ಧ ಕೇಳುವಷ್ಟರಲ್ಲೇ ಬೈಯೋಕೆ ಶುರು ಮಾಡುತ್ತಿದ್ದೆ. ಕಾಗದವಾದರೆ ಪೂರ್ತಿ ಓದಿದ ಮೇಲೇ ಬೈಯಬೇಕು. ಬರೆದು, ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಅವ್ವನಿಗೂ ಓದಿ ಹೇಳು.

ಮೊದಲೇ ಹೇಳಿಬಿಡುತ್ತೇನೆ, ಅಮಾವಾಸ್ಯೆಗೆ ನಾನು ಬರುತ್ತಿಲ್ಲ. "ಅಪ್ಪನ ಸಮಾಧಿಗೆ ಕಲ್ಲು ಕೂರಿಸ್ತಾ ಇವ್ನಿ, ಪಕ್ಸದ ಅಮಾಸೆಗೆ ಬಂದ್ಬುಡು ಕಣವ್ವ" ಅಂತ ನೀನು ಕಳಿಸಿದ ಮಾತನ್ನು ಹತ್ತು ಸಲ ಕೇಳಿಸಿಕೊಂಡಿದ್ದೇನೆ. ಟಿಕೆಟ್ಟೂ ಮಾಡಿಸಿದ್ದೆ. ನಿನ್ನೆ ರದ್ದು ಮಾಡಿದೆ.

ಅರಕಲಗೂಡಿನಲ್ಲೆಲ್ಲ "ನಮ್ ತಂಗಿ ಐಸ್ ಅಳೀತಾವ್ಳೆ" ಅಂತ ಹೇಳಿಕೊಂಡು ತಿರುಗುತ್ತೀಯಂತೆ. ಐಸ್ ಅಲ್ಲಣ್ಣ, ಗೋಬರ್ ಗ್ಯಾಸು! ಇಲ್ಲಿನ ಜೌಗು ನೆಲ ಮೊಣಕಾಲಾಳದ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಕರಗಿ, ಹಳೇ ಪಾಚಿ ಕೊಳೆತು ಅದೇ ಗ್ಯಾಸು, ಮೀಥೇನ್, ಏಳುತ್ತದೆ. ಅದು ಭೂಮಿಯನ್ನು ಇನ್ನಷ್ಟು ಬಿಸಿ ಮಾಡುತ್ತದೆ. ನೆಲದಲ್ಲಿ ಹೂತ ದೊಡ್ಡ ಪ್ಲಾಸ್ಟಿಕ್ ಬಳೆಯ ಮೇಲೆ ಡಬ್ಬ ಕವುಚಿ, ಎಷ್ಟು ಗ್ಯಾಸು ಬಂತು ಅಂತ ಅಳೆಯುವುದು ನನ್ನ ಕೆಲಸ. ನೆಲ ತುಳಿಯುವಂತಿಲ್ಲ, ಹಲಗೆಯ ಮೇಲೇ ಓಡಾಡಬೇಕು.

ಈ ಬೇಸಿಗೆ ನನ್ನ ಹನ್ನೆರಡು ಜಾಗದಲ್ಲೂ ಬೇರೆಯವರಿಗಿಂತ ಎರಡರಷ್ಟು ಗ್ಯಾಸು ಬಂತು. ನಮ್ಮ ಮುಖ್ಯಸ್ಥೆ ಇಂಗ್ರಿಡ್ ಕುಣಿದಾಡಿಬಿಟ್ಟಳು. ವರದಿಯಲ್ಲಿ ನನ್ನ ಹೆಸರೇ ಮೊದಲು. ನಾನೂ ಉಬ್ಬಿ ಹೋದೆ, ಸುಳ್ಳು ಯಾಕೆ ಹೇಳಲಿ.

ಹೋದ ಗುರುವಾರ ಡಬ್ಬ ಇಡಲು ಬಗ್ಗಿದಾಗ ಬಳೆಯ ಪಕ್ಕದ ಪಾಚಿಯಲ್ಲಿ ನನ್ನದೇ ಐದು ಬೆರಳಿನ ಗುರುತು ಕಂಡಿತು. ಒತ್ತಿದರೆ ಬುಳುಬುಳು ಗುಳ್ಳೆ. ಹನ್ನೆರಡು ಕಡೆಯೂ ಅದೇ ಗುರುತು! ಅಪ್ಪ ಗದ್ದೆಗಿಳಿಯುವ ಮುಂಚೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಲ್ಲ, ನಾನೂ ಹಾಗೇ ಮಾಡಿ, ಆ ಕೈಯನ್ನು ಮತ್ತೆ ಅಲ್ಲೇ ಊರಿಕೊಂಡು ಡಬ್ಬ ಕವುಚುತ್ತಿದ್ದೆ. ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸನ್ನೆಲ್ಲ ನಾನೇ ಹಿಂಡಿ ಡಬ್ಬಕ್ಕೆ ತುಂಬಿದ್ದೇನೆ.

ಎರಡು ದಿನ ಬಾಯಿ ಬಿಡಲಿಲ್ಲ. ವಾರ ಕಳೆದರೆ ಪಾಚಿ ಮೇಲೇಳುತ್ತದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಅಳತೆ ನಂಬಿ ನಾಳೆ ಇನ್ನೊಬ್ಬರು ಲೆಕ್ಕ ಹಾಕುತ್ತಾರೆ ಅನ್ನಿಸಿತು. ಇಂಗ್ರಿಡ್ ಹತ್ತಿರ ಹೋಗಿ ಹೇಳಿದೆ. ಚಿಕ್ಕಂದಿನ ಅಭ್ಯಾಸ, ಗೊತ್ತಿಲ್ಲದೆ ಆಯಿತು ಅಂದೆ. ಇಂಗ್ರಿಡ್ ಬೈಯಲಿಲ್ಲ, ಅದೇ ಕಷ್ಟವಾಯಿತು. ಕಂಪ್ಯೂಟರ್ ನೋಡಿ, "ಜೂನ್ ಹದಿನಾಲ್ಕರ ತನಕ ಸರಿ ಇದೆ, ಆಮೇಲಿನದೆಲ್ಲ ಹೊಡೆದು ಹಾಕೋಣ. ನೆಲ ಹೆಪ್ಪುಗಟ್ಟೋಕೆ ಐದು ವಾರ ಇದೆ, ಇರ್ತೀಯಾ?" ಅಂದಳು.

ಇರ್ತೀನಿ ಅಂದೆ. ಈಗ ಬಲಗೈಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಎಡಗೈಯಲ್ಲೇ ಡಬ್ಬ ಇಡುತ್ತೇನೆ. ಹನ್ನೆರಡನ್ನೂ ಸರಿಯಾಗಿ ಅಳೆದೇ ಬರುವುದು, ನೀನು ಎಷ್ಟು ಬೈದರೂ ಸರಿ.

ಶುಂಠಿಗೆ ಕೊಳೆರೋಗ ಬಿದ್ದಿದೆ ಅಂದಿದ್ದೆಯಲ್ಲ, ಪಾತಿಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೋ. ಅವ್ವನನ್ನು ಹಾಸನದ ಡಾಕ್ಟರಿಗೆ ಒಂದು ಸಲ ತೋರಿಸು, ಮಂಡಿನೋವನ್ನು ಅವರಾಗಿ ಹೇಳುವುದಿಲ್ಲ. ಅವರ ಪಾದಕ್ಕೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಬೈದ ಮೇಲಾದರೂ.

ಇಂತಿ ನಿನ್ನ ತಂಗಿ,
ಶಿವರಂಜನಿ

ತಾ.ಕ.: ಇದನ್ನು ಅವ್ವನಿಗೆ ಓದಬೇಡ. ಚಿಕ್ಕಂದಿನ ಅಭ್ಯಾಸ ಅಂದದ್ದು ನಿಜವಲ್ಲ. ಜೂನ್ ಹದಿನಾಲ್ಕರವರೆಗೆ ನಾನು ಇಲ್ಲಿನ ಮಣ್ಣು ಮುಟ್ಟಿದವಳೇ ಅಲ್ಲ. ಅವತ್ತು ಎಲ್ಲರೂ ಅಪ್ಪನಿಗೆ ಹಿಡಿ ಮಣ್ಣು ಹಾಕುವಾಗ ನೀನು ವಿಡಿಯೊ ಕಾಲ್ ಮಾಡಿ, ಫೋನ್ ಎತ್ತಿ ಹಿಡಿದು "ನೋಡ್ಕೊ ಕಣವ್ವ" ಅಂದೆ. ನಾನು ಈ ಹಲಗೆಯ ಮೇಲೆ ಮಂಡಿಯೂರಿ ನೋಡಿದೆ. ಕೈಗೆ ಸಿಕ್ಕಿದ್ದು ಈ ಪಾಚಿ. ಆಮೇಲೆ ದಿನಾ ಮುಟ್ಟಿದೆ. ಈಗ ಅದೂ ನಿಂತಿತು. ಕಲ್ಲು ಕೂರಿಸು, ನನಗಾಗಿ ಕಾಯಬೇಡ. ತಲೆಯ ಕಡೆ ಒಂದು ಗೇಣು ಮಾತ್ರ ಸಿಮೆಂಟ್ ಹಾಕಿಸದೆ ಬಿಟ್ಟಿರು ಅಣ್ಣ. ನನ್ನ ಹಿಡಿ ಮಣ್ಣು ಇನ್ನೂ ಹಾಕಿಲ್ಲ.